ಹದಿನೈದು ಮಿಲಿಮೀಟರ್ ಗೋಡೆ

ಅಣ್ಣನ ಮೇಲೆ ನಾನು ಯಾವತ್ತೂ ಕೈ ಎತ್ತಿದವಳಲ್ಲ. ನನಗಿಂತ ಒಂಬತ್ತು ವರ್ಷ ದೊಡ್ಡವನು, ನನಗೆ ಸೈಕಲ್ ಕಲಿಸಿದವನು, ನನ್ನ ಡಿಪ್ಲೊಮಾ ಓದಿಸಿದವನು. ಆದರೆ ಆ ಶನಿವಾರ ಸೌದಿಯ ದಮ್ಮಾಮಿನ ನಮ್ಮ ಕ್ಲಿನಿಕ್ಕಿನಲ್ಲಿ, ಎದೆಯ ಜೆಲ್ ಒರೆಸಿಕೊಳ್ಳಲಿ ಅಂತ ಇಟ್ಟಿದ್ದ ಟಿಶ್ಯೂ ಪೆಟ್ಟಿಗೆಯನ್ನೇ ಎತ್ತಿ ಅವನಿಗೆ ಬಿಸಾಡಿದೆ. ಅವನು ನಗುತ್ತಿದ್ದ. ಅದಕ್ಕೇ ಬಿಸಾಡಿದ್ದು.

ನಾನು ಎಕೋ ಟೆಕ್ನಿಷಿಯನ್. ಎದೆಯ ಮೇಲೆ ಪ್ರೋಬ್ ಇಟ್ಟು, ಶಬ್ದದ ಅಲೆಯಿಂದ ಹೃದಯದ ಚಿತ್ರ ತೆಗೆದು, ಗೋಡೆ ಎಷ್ಟು ದಪ್ಪ, ಕವಾಟ ಸರಿಯಾಗಿ ಮುಚ್ಚುತ್ತದೋ ಇಲ್ಲವೋ ಅಂತ ಅಳೆದು ಬರೆಯುವುದು ನನ್ನ ಹೊಟ್ಟೆಪಾಡು. ಅಣ್ಣ ಅದೇ ಊರಿನ ಹೊರಗಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ರೇನ್ ಆಪರೇಟರ್. ಹನ್ನೊಂದು ವರ್ಷದಿಂದ ಒಂದೇ ಕಂಪನಿ, ಒಂದೇ ಕ್ಯಾಂಪು. ರೂಮಿನಲ್ಲಿ ಆರು ಜನ, ಆರೂ ಜನ ನಮ್ಮ ಮಂಗಳೂರು, ಉಡುಪಿ ಕಡೆಯವರೇ. ರಜೆಯ ದಿನ ಯಾರದ್ದಾದರೂ ಕಾರಿನಲ್ಲಿ ಸೀಟು ಹಿಡಿದು ನನ್ನನ್ನು ನೋಡಲು ಬರುತ್ತಾನೆ. ಬರುವಾಗ ರೂಮಿನಲ್ಲಿ ಮಾಡಿದ ಬಂಗುಡೆ ಮೀನಿನ ಪುಳಿಮುಂಚಿಯನ್ನು ಡಬ್ಬಿಯಲ್ಲಿ ತರುತ್ತಾನೆ.

ಆ ಶನಿವಾರ ಪೇಷಂಟ್ ಯಾರೂ ಇರಲಿಲ್ಲ. ಸರ್ವಿಸಿಗೆ ಬಂದ ಇಂಜಿನಿಯರ್ ಮಿಷನ್ನಿಗೆ ಹೊಸ ಪ್ರೋಬ್ ಹಾಕಿ ಹೋಗಿದ್ದ. ಹೊಸದು ಬಂದರೆ ಮೊದಲು ನಮ್ಮವರಲ್ಲೇ ಒಬ್ಬರನ್ನು ಮಲಗಿಸಿ ಚಿತ್ರ ಸರಿ ಬರುತ್ತದಾ ಅಂತ ನೋಡುವುದು ನಮ್ಮಲ್ಲಿ ರೂಢಿ. ಮಲಗಲು ಯಾರೂ ಇಲ್ಲವಲ್ಲ ಅಂತ ನೋಡುತ್ತಿದ್ದಾಗ ಡಬ್ಬಿ ಹಿಡಿದುಕೊಂಡು ಅಣ್ಣ ಬಂದ. "ಅಂಗಿ ತೆಗಿ, ಐದು ನಿಮಿಷ ಮಲಗು" ಅಂದೆ. "ಎಂತ ಮಾರಾಯ್ತಿ, ಮೀನು ತಣ್ಣಗಾಗ್ತದೆ" ಅಂತ ಗೊಣಗುತ್ತಾ ಮಲಗಿದ.

ಮೊದಲ ಚಿತ್ರ ನೋಡಿ ನಾನು ಬೈದದ್ದು ಇಂಜಿನಿಯರನ್ನು. ದರಿದ್ರದವನು ಏನೋ ತಪ್ಪು ಜೋಡಿಸಿ ಹೋಗಿದ್ದಾನೆ ಅಂದುಕೊಂಡೆ. ಹೃದಯದ ಎಡಕೋಣೆಯ ಗೋಡೆ, ಇಡೀ ಮೈಗೆ ರಕ್ತ ದೂಡುವ ಆ ಗೋಡೆ, ಅಷ್ಟು ದಪ್ಪ ಕಾಣಬಾರದಿತ್ತು. ಕೋನ ಬದಲಿಸಿದೆ. ಮತ್ತೆ ಅಳೆದೆ. ಹದಿನೈದು ಮಿಲಿಮೀಟರ್. ಗಂಡಸಿಗೆ ಹತ್ತರ ಆಸುಪಾಸಿನಲ್ಲಿ ಇರಬೇಕು. ಯೂನಿಫಾರ್ಮಿನೊಳಗೆ ಕೈ ಹಾಕಿ ನನ್ನ ಎದೆಯ ಮೇಲೇ ಪ್ರೋಬ್ ಇಟ್ಟು ನೋಡಿದೆ. ಮಿಷನ್ ಸರಿಯಾಗಿಯೇ ಇತ್ತು. ಬೀಪಿ ಪಟ್ಟಿ ಸುತ್ತಿ ನೋಡಿದರೆ ಮೇಲಿನ ಅಂಕೆ ನೂರ ಎಂಬತ್ತು ದಾಟಿತ್ತು.

"ನಿನಗೆ ಬೀಪಿ ಉಂಟಾ?" ಅಂತ ಕೇಳಿದೆ.

"ಉಂಟು. ಐದಾರು ವರ್ಷ ಆಯ್ತು ಕಾಣ್ತದೆ."

"ಮತ್ತೆ ಪ್ರತಿ ವರ್ಷ ಮೆಡಿಕಲ್‌ನಲ್ಲಿ ಫಿಟ್ ಅಂತ ಬರ್ತದಲ್ಲ, ಅದು ಹೇಗೆ?"

ಅವನು ಎದ್ದು ಕೂತು ನಕ್ಕ. ಏನೋ ದೊಡ್ಡ ಸಾಧನೆ ಮಾಡಿದವನ ಹಾಗೆ ಹೇಳಿದ. ರೂಮಿನಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಉಂಟಂತೆ. ಊರಿಗೆ ಹೋಗಿ ಬಂದವರು ಬೀಪಿ ಮಾತ್ರೆಯ ಸ್ಟ್ರಿಪ್ ತಂದು ಅದರಲ್ಲಿ ಹಾಕುವುದಂತೆ. ವರ್ಷಕ್ಕೊಮ್ಮೆ ಕಂಪನಿಯ ಮೆಡಿಕಲ್ ತಾರೀಖು ಬಂದಾಗ, ಬೀಪಿ ಇರುವವರೆಲ್ಲ ನಾಲ್ಕೈದು ದಿನ ಮೊದಲಿನಿಂದ ಆ ಮಾತ್ರೆ ನುಂಗುವುದು. ಆ ದಿನ ಬೆಳಿಗ್ಗೆ ಚಹಾ ಕುಡಿಯುವ ಹಾಗಿಲ್ಲ, ಸಿಗರೇಟು ಇಲ್ಲ, ಯಾರೂ ಕುಶಾಲು ಮಾಡುವ ಹಾಗಿಲ್ಲ. ಪಟ್ಟಿ ಸುತ್ತುತ್ತಾರೆ, ನಾರ್ಮಲ್ ಬರುತ್ತದೆ, ಫಿಟ್ ಅಂತ ಸೀಲು ಬೀಳುತ್ತದೆ. ಮಧ್ಯಾಹ್ನಕ್ಕೆ ಡಬ್ಬಿಯ ಮುಚ್ಚಳ ಹಾಕುವುದು. ಖಲಾಸ್, ಇನ್ನು ಮುಂದಿನ ವರ್ಷ.

"ಮೆಡಿಕಲ್ ಮಾತ್ರೆ ಅಂತಲೇ ಹೆಸರು ಅದಕ್ಕೆ" ಅಂದ. "ಈ ಸಲದ್ದಕ್ಕೆ ಇನ್ನು ಹನ್ನೆರಡೇ ದಿನ. ಡಬ್ಬಿಯಲ್ಲಿ ಕಡಿಮೆ ಉಂಟು, ನಿನ್ನ ಹತ್ರ ಕೇಳುವ ಅಂತಲೇ ಇದ್ದೆ."

"ನನ್ನ ಹತ್ರ ಯಾಕೆ?"

"ನೀನೇ ಅಲ್ವಾ ಪ್ರತಿ ಸಲ ಊರಿಂದ ತರುವುದು?"

ಆಗ ಪೆಟ್ಟಿಗೆ ಹಾರಿದ್ದು.

ಹೌದು, ತಂದಿದ್ದೆ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಅಣ್ಣ ಫೋನ್ ಮಾಡಿ, ರೂಮಿನಲ್ಲಿ ಒಬ್ಬರಿಗೆ ಬೇಕಂತೆ, ಎರಡು ಸ್ಟ್ರಿಪ್ ತಾ ಅಂದಿದ್ದ. ಆಮೇಲೆ ಪ್ರತಿ ರಜೆಯಲ್ಲೂ ಹಪ್ಪಳ, ಒಣಮೀನು, ಉಪ್ಪಿನಕಾಯಿಯ ಜೊತೆ ಅದೂ ಪಟ್ಟಿಯಲ್ಲಿ ಸೇರಿತು. ಆ ಒಬ್ಬರು ಯಾರು, ಡಾಕ್ಟರಿಗೆ ತೋರಿಸಿದ್ದಾರಾ, ವರ್ಷಕ್ಕೆ ಎರಡು ಸ್ಟ್ರಿಪ್ ಯಾವ ಲೆಕ್ಕ, ದಿನಕ್ಕೊಂದು ಅಂದರೂ ಒಂದು ತಿಂಗಳಿಗೆ ಸಾಲದಲ್ಲ ಅಂತ ನಾನು ಒಂದು ಸಲ ಕೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಹೃದಯ ಅಳೆಯುವವಳು ಮನೆಯವನ ತೋಳಿಗೆ ಒಂದು ಪಟ್ಟಿ ಸುತ್ತಿ ನೋಡಲಿಲ್ಲ. ಅವನಿಗೆ ಫಿಟ್ ಸರ್ಟಿಫಿಕೇಟ್ ಇತ್ತಲ್ಲ! ಅಣ್ಣನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ಇತ್ತು ಅಂತ ಈಗ ಹೇಳಬಲ್ಲೆ. ಆಗ ಪೂರ್ತಿ ಅವನ ಮೇಲೇ ಹಾಕಿದೆ.

ಬೈದೆ. ತುಳುವಿನಲ್ಲಿ ಬೈದೆ, ಕನ್ನಡದಲ್ಲಿ ಬೈದೆ, ಮಂಡೆ ಸಮ ಉಂಟಾ ನಿನಗೆ ಅಂತ ಕೇಳಿದೆ. ಪರದೆಯ ಮೇಲೆ ನಿಲ್ಲಿಸಿದ್ದ ಚಿತ್ರ ತೋರಿಸಿ, "ನೋಡು, ನಿನ್ನ ಹೃದಯದ ಗೋಡೆ ಎಷ್ಟು ದಪ್ಪ ಆಗಿದೆ ನೋಡು" ಅಂದೆ.

ಅವನು ಕತ್ತು ಚಾಚಿ ನೋಡಿದ. "ದಪ್ಪ ಅಂದ್ರೆ ಗಟ್ಟಿ ಅಲ್ವಾ? ಒಳ್ಳೆಯದೇ ಆಯ್ತಲ್ಲ."

ಇಂಥವನಿಗೆ ಏನು ಹೇಳುವುದು! ಅವನ ಕೈ ಹಿಡಿದು ಅಂಗೈ ಬಿಡಿಸಿ ತೋರಿಸಿದೆ. ಕ್ರೇನಿಗೆ ಹತ್ತುವ ಮೊದಲು ವರ್ಷಗಟ್ಟಲೆ ಸರಪಳಿ ಎಳೆದ ಕೈ. ಬೆರಳುಗಳ ಬುಡದಲ್ಲಿ ಹಳದಿ ಜಡ್ಡು. "ಇದು ಯಾಕೆ ಬಂತು? ಒತ್ತಡ ಬಿದ್ದ ಕಡೆ ಚರ್ಮ ತಾನೇ ದಪ್ಪ ಆಯ್ತು, ಅಲ್ವಾ? ನೀನು ಹೇಳಿದೆಯಾ ಅದಕ್ಕೆ, ದಪ್ಪ ಆಗು ಅಂತ? ಒಳಗೂ ಅದೇ. ಅಂಗೈಗೆ ಜಡ್ಡು ಕಟ್ಟಿದರೆ ಏನೂ ಆಗುವುದಿಲ್ಲ ಮಾರಾಯ. ಹೃದಯಕ್ಕೆ ಕಟ್ಟಿದರೆ ಅದು ಸಡಿಲ ಆಗುವುದು ಮರೆಯುತ್ತದೆ. ಸಡಿಲ ಆಗದಿದ್ದರೆ ರಕ್ತ ತುಂಬುವುದು ಎಲ್ಲಿಂದ?"

ನಮ್ಮ ಕ್ಲಿನಿಕ್ಕಿನ ಹೃದಯದ ಡಾಕ್ಟರು ಸುಡಾನಿನವರು. ತಲೆ ಪೂರ್ತಿ ಬೆಳ್ಳಗಾದ, ದನಿ ಎತ್ತಿ ಮಾತಾಡದ ಮನುಷ್ಯ. ಬುಧವಾರ ಕೆಲಸ ಮುಗಿದ ಮೇಲೆ ಟೆಕ್ನಿಷಿಯನ್‌ಗಳನ್ನು ಕೂರಿಸಿಕೊಂಡು ಪಾಠ ಹೇಳುತ್ತಾರೆ. ಬರೀ ಅಳತೆ ಬರೆದರೆ ಸಾಲದು, ಆ ಅಳತೆ ಯಾಕೆ ಹಾಗೆ ಬಂತು ಅಂತ ಗೊತ್ತಿರಬೇಕು ಅನ್ನುವುದು ಅವರ ಹಟ. ಅವರೇ ಒಂದು ಸಲ ಹೇಳಿದ್ದು: ಹೃದಯದ ಒಂದೊಂದು ಸ್ನಾಯುಕೋಶವೂ ಅಕ್ಕಪಕ್ಕದ ಕೋಶಗಳಿಗೆ, ಸುತ್ತಲಿನ ನಾರಿನ ಬಲೆಗೆ ಕಟ್ಟಿಕೊಂಡೇ ಇರುತ್ತದೆ. ಒಳಗೆ ಒತ್ತಡ ಹೆಚ್ಚಿದರೆ ಎಲ್ಲಕ್ಕೂ ಜಗ್ಗಿದ ಹಾಗಾಗುತ್ತದೆ. ಆ ಜಗ್ಗಾಟಕ್ಕೆ ಕೋಶದ ಪೊರೆಯಲ್ಲಿರುವ ಸಣ್ಣಸಣ್ಣ ಕಿಂಡಿಗಳು ತೆರೆಯುತ್ತವೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಆ ಸುದ್ದಿ ಕೋಶದ ನಡುವಿನ ತನಕ ಹೋಗುತ್ತದೆ: ಹೊರೆ ಜಾಸ್ತಿಯಾಗಿದೆ, ಇನ್ನಷ್ಟು ಎಳೆ ಕಟ್ಟಬೇಕು ಅಂತ. ಕೋಶ ಎಳೆಯ ಪಕ್ಕ ಎಳೆ ಕಟ್ಟಿಕೊಂಡು ದಪ್ಪವಾಗುತ್ತದೆ. ಹೊರೆ ಇಳಿಯದಿದ್ದರೆ ಸುತ್ತಲಿನ ಬೇರೆ ಕೋಶಗಳೂ ಗಾಬರಿಬಿದ್ದು ಗಡಸು ನಾರು ನೇಯುತ್ತಾ ಹೋಗುತ್ತವೆ. ಅಲ್ಲಿಗೆ ಗೋಡೆ ಬಿರುಸಾಗುತ್ತದೆ.

ಒಮ್ಮೆ ಒಂದು ವಿಡಿಯೋ ತೋರಿಸಿದ್ದರು. ರಕ್ತನಾಳದ ಒಳಮೈಗೆ ಹಾಸಿದ ಹಾಗೆ ಒಂದೇ ಪದರದ ಕೋಶಗಳಿರುತ್ತವೆ. ಅವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದರು. ದಿಕ್ಕುದೆಸೆ ಇಲ್ಲದೆ ಅಡ್ಡಾದಿಡ್ಡಿ ಬಿದ್ದಿದ್ದವು. ಮೇಲೆ ನೀರಿನಂಥ ದ್ರವ ಒಂದೇ ಕಡೆಗೆ ಹರಿಸಿದರು. ಒಂದು ದಿನ ಕಳೆಯುವಷ್ಟರಲ್ಲಿ ಅಷ್ಟೂ ಕೋಶಗಳು ಉದ್ದುದ್ದವಾಗಿ, ಹರಿವಿನ ದಿಕ್ಕಿಗೆ ತಿರುಗಿ ಸಾಲಾಗಿ ಮಲಗಿದ್ದವು. ಹರಿವು ನೇರ ಇದ್ದಲ್ಲಿ ಅವು ನೆಮ್ಮದಿಯಲ್ಲಿರುತ್ತವಂತೆ. ನಾಳ ಕವಲೊಡೆಯುವ ಕಡೆ ರಕ್ತ ಸುಳಿ ಸುತ್ತುತ್ತದಲ್ಲ, ಅಲ್ಲಿ ಅವಕ್ಕೆ ದಿಕ್ಕು ತಪ್ಪುತ್ತದೆ, ಉರಿ ಹತ್ತುತ್ತದೆ, ಕೊಬ್ಬು ಬಂದು ಕೂರುವುದೂ ಅಲ್ಲೇ. ನಮ್ಮ ಊರಿನ ಅಳಿವೆಯಲ್ಲಿ ನೀರು ಸುತ್ತುವ ಕಡೆಯೇ ಮರಳು ಕೂತು ದೋಣಿ ತಾಗುವುದು ನೆನಪಾಗಿ ನಾನು ಆ ಪಾಠ ಮರೆಯಲೇ ಇಲ್ಲ.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅರ್ಧ ಹೇಳಿದೆ, ಅರ್ಧ ಕೂಗಿದೆ. "ಕಣ್ಣಿಲ್ಲ, ಕಿವಿಯಿಲ್ಲ, ಮಂಡೆಯಿಲ್ಲ, ಸೂಜಿಮೊನೆಯಷ್ಟೂ ಇಲ್ಲದ ಕೋಶಕ್ಕೆ ಗೊತ್ತಾಗ್ತದೆ ಒತ್ತಡ ಹೆಚ್ಚಾಯ್ತು ಅಂತ. ಅದು ಪಾಪ ತನ್ನ ಕೆಲಸ ಮಾಡ್ತದೆ. ನಿನಗೆ ಎಲ್ಲ ಉಂಟು. ನೀನು ಎಂತ ಮಾಡಿದಿ? ವರ್ಷಕ್ಕೆ ಐದು ದಿನ ಪಟ್ಟಿಗೆ ಮೋಸ ಮಾಡಿದಿ. ಉಳಿದ ಮುನ್ನೂರ ಅರವತ್ತು ದಿನ ಆ ಕೋಶಗಳು ಎಳೆ ಕಟ್ತಾ ಕೂತವು."

"ಈಗ ಎಂತ ಆಗಬೇಕು ಅಂತೀ?" ಅಂತ ಅವನೂ ದನಿ ಏರಿಸಿದ.

"ಇವತ್ತಿನಿಂದ ದಿನಾ ಮಾತ್ರೆ ತಗೊಳ್ಳಬೇಕು."

"ದಿನಾ ಶುರು ಮಾಡಿದ್ರೆ ಆಮೇಲೆ ಬಿಡ್ಲಿಕ್ಕೆ ಆಗುವುದಿಲ್ಲ. ಜೀವಮಾನ ಪೂರ್ತಿ ಪೇಷಂಟ್."

ಇದು ನಮ್ಮ ಕಡೆಯವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ! ಮಾತ್ರೆ ತಿಂದರೆ ರೋಗ ಬರುತ್ತದೆ, ತಿನ್ನದಿದ್ದರೆ ರೋಗವೇ ಇಲ್ಲ. ಅದೇ ಮಾತ್ರೆ, ಅದೇ ಸ್ಟ್ರಿಪ್ಪು, ಅದೇ ಕೈ, ಅದೇ ಬಾಯಿ. ಐದು ದಿನ ತಿಂದರೆ ಕಂಪನಿಗೆ ಮೋಸ, ದಿನಾ ತಿಂದರೆ ಅದೇ ಔಷಧ. ದಿನಾ ತಿನ್ನುವವನಿಗೆ ಆ ದಿನ ಚಹಾ ಬಿಡಬೇಕಾಗಿಯೂ ಇಲ್ಲ, ಎದೆ ಡವಗುಟ್ಟಿಸಿಕೊಂಡು ಸಾಲಿನಲ್ಲಿ ನಿಲ್ಲಬೇಕಾಗಿಯೂ ಇಲ್ಲ. ಇಷ್ಟು ಹೇಳಿದ ಮೇಲೆ ಅವನು ನಿಜವಾದ ಕಾರಣ ಬಾಯಿಬಿಟ್ಟ. ಮೆಡಿಕಲ್‌ನ ಫಾರ್ಮಿನಲ್ಲಿ ಒಂದು ಪ್ರಶ್ನೆ ಉಂಟಂತೆ: ದಿನಾ ಯಾವುದಾದರೂ ಔಷಧ ತೆಗೆದುಕೊಳ್ಳುತ್ತೀರಾ? ಹೌದು ಅಂತ ಟಿಕ್ ಹಾಕಿದರೆ ಕ್ರೇನಿನಿಂದ ಇಳಿಸುತ್ತಾರೆ. ಇಳಿಸಿದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರಿನ್ಯೂ ಮಾಡುವುದಿಲ್ಲ. ಆಮೇಲೆ ಊರಿನ ವಿಮಾನ.

"ಯಾರು ಹೇಳಿದ್ದು?"

"ಎಲ್ಲರಿಗೂ ಗೊತ್ತುಂಟು."

ಅಂದೇ ಡಾಕ್ಟರಿಗೆ ಫೋನ್ ಮಾಡಿದೆ. ಮರುದಿನ ಅವನನ್ನು ಎಳೆದುಕೊಂಡು ಬಂದು ತೋರಿಸಿದೆ. ಅವರು ಚಿತ್ರ ನೋಡಿದರು, ಕಿಡ್ನಿ, ಕಣ್ಣು ಎಲ್ಲ ನೋಡಿಸಿದರು. ಎರಡು ಮಾತ್ರೆ ಬರೆದುಕೊಟ್ಟು ಅಣ್ಣನ ಭುಜದ ಮೇಲೆ ಕೈ ಇಟ್ಟು ನಿಧಾನ ಹೇಳಿದರು: "ಈ ಗೋಡೆ ಒತ್ತಡಕ್ಕೆ ಉತ್ತರ ಕೊಡುತ್ತಾ ಹೀಗಾಗಿದೆ. ಒತ್ತಡ ಇಳಿಸಿದರೆ ಅದಕ್ಕೂ ಉತ್ತರ ಕೊಡಬಹುದು. ಇಳಿಸದಿದ್ದರೆ ಹೃದಯ ಸೋಲುತ್ತದೆ, ಇಲ್ಲವೇ ತಲೆಯೊಳಗೆ ನಾಳ ಒಡೆಯುತ್ತದೆ. ನೀವು ಕ್ರೇನಿನ ಮೇಲೆ ಇರುವಾಗಲೂ ಅದು ಆಗಬಹುದು." ನಾನು ತುಳುವಿಗೆ ತಿರುಗಿಸಿ ಹೇಳಿದೆ. ಅಣ್ಣ ಮಾತ್ರೆಗೆ ಒಪ್ಪಿದ. ಫಾರ್ಮಿಗೆ ಮಾತ್ರ ಒಪ್ಪಲಿಲ್ಲ.

"ಮಾತ್ರೆ ತಿಂತೇನೆ. ಇಲ್ಲ ಅಂತಲೇ ಟಿಕ್ ಹಾಕ್ತೇನೆ. ನೀನು ಬಾಯಿ ಮುಚ್ಚಿಕೊಂಡಿರು" ಅಂದ. ಎಕೋ ರಿಪೋರ್ಟನ್ನು ಕಂಪನಿಗೆ ನಾನೇ ಕೊಟ್ಟರೆ ಎಂತ ಮಾಡ್ತೀ ಅಂತ ಕೇಳಿದೆ. ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದ. "ಹಾಗೆ ಮಾಡಿದ್ರೆ ನನಗೆ ತಂಗಿ ಇಲ್ಲ" ಅಂತ ಹೇಳಿ ಬಾಗಿಲು ಬಡಿದು ಹೋದ.

ರಿಪೋರ್ಟು ಕೊಡುವುದಕ್ಕೆ ನನಗೆ ಹಕ್ಕಿರಲಿಲ್ಲ, ಕೊಡಲೂ ಇಲ್ಲ. ಆದರೆ ಕೇಳುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು? ಎರಡು ದಿನ ಬಿಟ್ಟು ಅರ್ಧ ದಿನ ರಜೆ ಹಾಕಿ, ಕಾರು ಓಡಿಸಿಕೊಂಡು ಅವನ ಕಂಪನಿಯ ಮೆಡಿಕಲ್ ರೂಮಿಗೆ ಹೋದೆ. ಹೆಸರು ಹೇಳದೆ ಬರೀ ನಿಯಮ ಕೇಳಿದೆ. ಅಲ್ಲಿದ್ದದ್ದು ಕೇರಳದ ಒಬ್ಬ ನರ್ಸ್, ನನ್ನದೇ ವಯಸ್ಸಿನವಳು. ಡ್ರಾಯರಿನಿಂದ ಖಾಲಿ ಫಾರ್ಮ್ ತೆಗೆದು ನನ್ನ ಮುಂದೆ ಇಟ್ಟಳು. ಆ ಪ್ರಶ್ನೆಯ ಕೆಳಗೇ, ಇಂಗ್ಲಿಷಿನಲ್ಲೂ ಅರಬಿಯಲ್ಲೂ, ಸಣ್ಣ ಅಕ್ಷರದಲ್ಲಿ ಎರಡು ಸಾಲು ಇತ್ತು: ಹೌದು ಎಂದಾದರೆ ಡಾಕ್ಟರ ಪತ್ರ ಲಗತ್ತಿಸಿ, ಮೂರು ತಿಂಗಳು ನೆಲದ ಕೆಲಸ, ಅಷ್ಟರಲ್ಲಿ ಬೀಪಿ ಹಿಡಿತಕ್ಕೆ ಬಂದರೆ ಮತ್ತೆ ಅದೇ ಕೆಲಸಕ್ಕೆ ಫಿಟ್.

ನಾನು ಎರಡು ಸಲ ಓದಿದೆ. "ಇದು ಹೊಸ ನಿಯಮವಾ?" ಅಂತ ಕೇಳಿದೆ.

"ನಾನು ಬಂದಾಗಿನಿಂದ ಇದೇ ಫಾರ್ಮ್" ಅಂದಳು.

"ಆ ಕ್ಯಾಂಪಿನ ಕರ್ನಾಟಕದವರಲ್ಲಿ ಯಾರಾದರೂ ಹೌದು ಅಂತ ಬರೆದಿದ್ದಾರಾ?"

ಅವಳು ಯೋಚಿಸಿ ಹೇಳಿದಳು, "ಒಬ್ಬರೂ ಇಲ್ಲ. ನಿಮ್ಮ ಕಡೆಯವರಿಗೆ ಬೀಪಿಯೇ ಇಲ್ಲ, ಮೀನು ತಿನ್ನುತ್ತಾರಲ್ಲ, ಅದಕ್ಕೇ ಇರಬೇಕು ಅಂತ ನಾವು ಮಾತಾಡಿಕೊಳ್ಳುತ್ತಿದ್ದೆವು."

ಅಲ್ಲೇ ಕೂತು ಬೊಬ್ಬೆ ಹೊಡೆಯುವ ಹಾಗಾಯಿತು. ಕಾರಿಗೆ ಬಂದು ಏಸಿ ಹಾಕಿ, ಕಿಟಕಿ ಮುಚ್ಚಿ, ಒಬ್ಬಳೇ ಬೊಬ್ಬೆ ಹೊಡೆದೆ ಕೂಡ. ಹೊರಗೆ ಬಿಸಿಲಿಗೆ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ, ಅದೊಂದು ಪುಣ್ಯ.

ಆಮೇಲೆ ಅಣ್ಣನ ಬಾಯಿಂದ ಬಿಡಿಸಿಕೊಂಡದ್ದು ಇದು. ಬಹಳ ಹಿಂದೆ ರೂಮಿನಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಇದ್ದರು, ಇಂಗ್ಲಿಷ್ ಬಲ್ಲವರು. ಎಲ್ಲರ ಫಾರ್ಮನ್ನೂ ಅವರೇ ತುಂಬುತ್ತಿದ್ದರು. ರೋಗ ಉಂಟಾ, ಔಷಧ ಉಂಟಾ, ತಲೆ ತಿರುಗುತ್ತದಾ ಅಂತ ಕೇಳಿದ್ದಕ್ಕೆಲ್ಲ ಇಲ್ಲ, ಇಲ್ಲ, ಇಲ್ಲ. ಅವರು ಕೆಲಸ ಮುಗಿಸಿ ಊರಿಗೆ ಹೋಗುವಾಗ, ತುಂಬಿದ ಒಂದು ಫಾರ್ಮಿನ ಕಾಪಿ ಬಿಟ್ಟುಹೋದರು, ಇದನ್ನು ನೋಡಿ ಬರೆಯಿರಿ ಅಂತ. ಅದನ್ನು ಮಾತ್ರೆಯ ಡಬ್ಬಿಯಲ್ಲೇ ಮಡಚಿ ಇಟ್ಟಿದ್ದಾರೆ. ವರ್ಷಕ್ಕೊಮ್ಮೆ ಅದನ್ನು ಹಾಸಿಗೆಯ ಮೇಲೆ ಹರಡಿ, ಸುತ್ತ ಕೂತು, ಎಲ್ಲಿ ಟಿಕ್ ಉಂಟೋ ಅಲ್ಲಿ ಟಿಕ್ ಹಾಕುವುದು. ಕಾಪಿಯ ಕಾಪಿಯ ಕಾಪಿ. ಆ ಸಣ್ಣ ಅಕ್ಷರದ ಸಾಲು ಕಾಪಿಯಲ್ಲಿ ಮಸುಕಾಗಿ ಬರೀ ಕಪ್ಪು ಗೆರೆಯಾಗಿದೆಯಂತೆ. ಅಸಲು ಫಾರ್ಮು ಪ್ರತಿ ವರ್ಷ ಕೈಯಲ್ಲೇ ಇತ್ತು. ಒಬ್ಬನಾದರೂ ಓದಿದ್ದರೆ! ಹತ್ತನೇ ಕ್ಲಾಸು ಪಾಸಾದವರು, ಮೊಬೈಲಿನಲ್ಲಿ ಇಡೀ ಜಗತ್ತು ಓದುವವರು. ಸಾವಿರಾರು ಕಿಲೋಮೀಟರ್ ಆಚೆಯ ರಾಜಕೀಯ ಗೊತ್ತುಂಟು, ಮೂಗಿನ ಕೆಳಗಿನ ಎರಡು ಸಾಲು ಗೊತ್ತಿಲ್ಲ.

ನಾನು ಖಾಲಿ ಫಾರ್ಮಿನ ಫೋಟೋ ಕಳಿಸಿದೆ. ಸಣ್ಣ ಸಾಲಿನ ಸುತ್ತ ಕೆಂಪು ಗೆರೆ ಎಳೆದು ಕಳಿಸಿದೆ. ಒಂದು ದಿನ ಕಳೆದು ಉತ್ತರ ಬಂತು: ಕಾಗದದಲ್ಲಿ ಎಲ್ಲ ಚಂದ ಇರ್ತದೆ.

ಅವನ ಹೆದರಿಕೆ ಸುಳ್ಳು ಅಂತ ನಾನು ಹೇಗೆ ಹೇಳಲಿ? ವೀಸಾ ಕೊಟ್ಟ ಕಫೀಲ್‌ಗೆ ಬೇಡವಾದವರು ಒಂದು ವಾರದಲ್ಲಿ ಹೊರಟುಹೋದದ್ದನ್ನು ಇಬ್ಬರೂ ನೋಡಿದ್ದೇವೆ. ಟಿಕ್ ಹಾಕಿಸಿ ಅವನ ಕೆಲಸ ಹೋದರೆ ಆ ಪಾಪ ನನ್ನ ತಲೆಗೆ. ಟಿಕ್ ಹಾಕದೆ, ಯಾರಿಗೂ ಕಾಣದ ಹಾಗೆ ಮಾತ್ರೆ ತಿನ್ನುತ್ತೇನೆ ಅಂತ ಹೇಳಿ, ಮೆಡಿಕಲ್ ಮುಗಿದ ಮಧ್ಯಾಹ್ನ ಮತ್ತೆ ಡಬ್ಬಿ ಮುಚ್ಚಿದರೆ? ಆರು ಜನರ ರೂಮಿನಲ್ಲಿ ಕದ್ದುಮುಚ್ಚಿ ತಿನ್ನುವ ಮಾತ್ರೆ ಎಷ್ಟು ದಿನ ನಡೆದೀತು? ಆ ಹದಿನೈದು ಮಿಲಿಮೀಟರ್ ಹದಿನಾರು ಆಗುತ್ತದೆ, ಹದಿನೇಳು ಆಗುತ್ತದೆ, ಒಂದು ದಿನ ಅಷ್ಟು ಎತ್ತರದಲ್ಲಿ, ಕೆಳಗೆ ಹತ್ತು ಜನ ನಿಂತಿರುವಾಗ... ನಾನು ಅದರ ಮುಂದೆ ಯೋಚಿಸುತ್ತಿರಲಿಲ್ಲ. ಬೇರೆಯವರ ಹೃದಯ ಅಳೆಯುವಾಗಲೂ ಅವನದ್ದೇ ಗೋಡೆ ಕಾಣುತ್ತಿತ್ತು. ಆ ವಾರ ಒಬ್ಬ ಪೇಷಂಟಿಗೆ ಸುಮ್ಮಸುಮ್ಮನೆ ಗದರಿಸಿ ಡಾಕ್ಟರ ಕೈಲಿ ಹೇಳಿಸಿಕೊಂಡೆ.

ಮೆಡಿಕಲ್‌ನ ದಿನ ಹನ್ನೊಂದು ಗಂಟೆಗೆ ಫೋನ್ ಬಂತು.

"ಹಾಕಿದೆ. ಹೌದು ಅಂತಲೇ ಹಾಕಿದೆ. ಕ್ರೇನಿನ ಕೆಳಗೆ ಜನ ಇರ್ತಾರಲ್ಲ. ನಿನ್ನ ಡಾಕ್ಟರ ಹತ್ರ ಬರೆಸಿಕೊಂಡ ಪತ್ರವನ್ನೂ ಕೊಟ್ಟೆ. ಕ್ರೇನಿನಿಂದ ಇಳಿಸಿದ್ರು. ಸಮಾಧಾನ ಆಯ್ತಾ ನಿನಗೆ?"

"ಆಯ್ತು" ಅಂದೆ. ಅವನು ಫೋನ್ ಇಟ್ಟ.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಇಷ್ಟು ವರ್ಷ ಮೇಲೆ ಕೂತವನು ಬಿಸಿಲಿನಲ್ಲಿ ನೆಲದ ಮೇಲೆ ನಿಂತು, ತನಗಿಂತ ಚಿಕ್ಕವನೊಬ್ಬನ ಕ್ರೇನಿಗೆ ಕೈಸನ್ನೆ ಮಾಡಬೇಕಾಯಿತು. ಅದು ಸಾಲದು ಅಂತ, ಆ ನರ್ಸಿಗೆ ಅನುಮಾನ ಬಂದು ರೂಮಿನ ಉಳಿದ ಐವರನ್ನೂ ಹೇಳದೆ ಕೇಳದೆ ಕರೆಸಿ ಪಟ್ಟಿ ಸುತ್ತಿದಳು. ಇಬ್ಬರು ಸಿಕ್ಕಿಬಿದ್ದರು. ರೂಮಿನವರು ಅಣ್ಣನ ಹತ್ತಿರ ಮಾತು ಬಿಟ್ಟರು. ನಿನ್ನ ತಂಗಿಯ ಉಪದ್ರದಿಂದ ನಮ್ಮ ಜೀವನ ಲಗಾಡಿ ಹೋಯ್ತು ಅಂದರಂತೆ. ಜೊತೆಯಲ್ಲಿ ಮಾಡುತ್ತಿದ್ದ ಅಡುಗೆಯಿಂದಲೂ ಅವನನ್ನು ಬೇರೆ ಮಾಡಿದರು. ಆ ಐವರ ಮೇಲೆ ನನಗೆ ಬಂದ ಕೋಪ ಇನ್ನೂ ಹಾಗೇ ಉಂಟು, ಇರಬಾರದು ಅಂತ ನನಗೇನೂ ಅನಿಸುವುದಿಲ್ಲ. ಅವನು ಒಬ್ಬನೇ ಮೊಟ್ಟೆ, ಕುಬೂಸ್ ರೊಟ್ಟಿ ತಿಂದುಕೊಂಡು ಇದ್ದ.

ನನ್ನಲ್ಲಿಗೆ ಬರುವುದನ್ನೂ ನಿಲ್ಲಿಸಿದ. ಆದರೆ ಬೆಳಿಗ್ಗೆ ಆರಕ್ಕೆ ನಾನು ಫೋನ್ ಮಾಡಿದರೆ ಎತ್ತುತ್ತಿದ್ದ. ನಾನು "ಮಾತ್ರೆ ತಗೊಂಡ್ಯಾ?" ಅನ್ನುವುದು. ಅವನು "ತಗೊಂಡೆ, ಸಾಯಿ ಅತ್ಲಾಗಿ" ಅನ್ನುವುದು. ಅಷ್ಟೇ ಮಾತು. ಕೆಲವು ದಿನ ಇನ್ನೂ ಚೆನ್ನಾಗಿ ಬೈಯುತ್ತಿದ್ದ, ನಾನೂ ಬಿಡುತ್ತಿರಲಿಲ್ಲ. ಮೂರು ತಿಂಗಳಿಗೆ ನೋಡಿದಾಗ ಬೀಪಿ ಇಳಿದಿತ್ತು, ಆದರೆ ಸಾಕಾಗುವಷ್ಟು ಇಳಿದಿರಲಿಲ್ಲ. ಇನ್ನೆರಡು ತಿಂಗಳು ನೆಲದಲ್ಲೇ ಅಂದರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಡಾಕ್ಟರು ಒಂದು ಮಾತ್ರೆ ಜಾಸ್ತಿ ಮಾಡಿದರು. ಅಣ್ಣ ಉಪ್ಪಿನಕಾಯಿ, ಒಣಮೀನು ಎರಡನ್ನೂ ಬಿಟ್ಟ. ಐದನೇ ತಿಂಗಳಿಗೆ ಅಂಕೆ ಸರಿಬಂತು. ಫಿಟ್ ಅಂತ ಸೀಲು ಹಾಕಿ ಕ್ರೇನಿಗೆ ವಾಪಸ್ ಹತ್ತಿಸಿದರು. ಅದನ್ನು ಅವನು ನನಗೆ ಹೇಳಲಿಲ್ಲ. ಬೆಳಗಿನ ಫೋನಿನಲ್ಲಿ ಹಿಂದೆ ಕ್ರೇನಿನ ಇಂಜಿನ್ ಸದ್ದು ಕೇಳಿ ನಾನೇ ತಿಳಿದುಕೊಂಡೆ.

ಹತ್ತಿದ್ದು ಸರಿ. ಆದರೆ ನನಗೆ ಬೇಕಾದದ್ದು ತೋಳಿನ ಪಟ್ಟಿಯ ಅಂಕೆಯಲ್ಲ. ಪಟ್ಟಿ ಎಷ್ಟು ನಂಬಿಕೆಗೆ ಅರ್ಹ ಅಂತ ಆ ರೂಮಿನವರೇ ನನಗೆ ಕಲಿಸಿದ್ದರು. ಒಂಬತ್ತು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಎಕೋ ಮಾಡಿಸಿ ಅಂದರು. ಬೇರೆ ಟೆಕ್ನಿಷಿಯನ್ ಹತ್ತಿರ ಮಾಡಿಸಿಕೋ ಅಂತ ಅಣ್ಣನಿಗೆ ಮೆಸೇಜ್ ಹಾಕಿದೆ. ಅವನು ಸೀದಾ ನನ್ನ ಎಕೋ ರೂಮಿಗೇ ಬಂದ. ಮುಖ ನೋಡದೆ ಅಂಗಿ ಬಿಚ್ಚಿ ಎಡಮಗ್ಗುಲಿಗೆ ಮಲಗಿದ.

ಹಾಗೆ ಮಲಗಿದರೆ ಪೇಷಂಟಿನ ಬೆನ್ನು ನಮ್ಮ ಕಡೆಗಿರುತ್ತದೆ. ನಾವು ಹಿಂದಿನಿಂದ ಕೈ ಬಳಸಿ ಎದೆಯ ಮೇಲೆ ಪ್ರೋಬ್ ಹಿಡಿಯಬೇಕು. ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಸಪೂರ ಆಗಿದ್ದ. ಬಿಸಿಲಿಗೆ ಕುತ್ತಿಗೆಯ ಹಿಂದೆ ಕಪ್ಪು ಕಟ್ಟಿತ್ತು.

ಡಾಕ್ಟರು ಮೊದಲೇ ಹೇಳಿದ್ದರು: ಸ್ನಾಯು ದಪ್ಪವಾದದ್ದು ಇಳಿಯಬಹುದು, ಆದರೆ ಗಡಸು ನಾರು ನೇಯ್ದುಕೊಂಡದ್ದು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಹೆಚ್ಚು ಆಸೆ ಇಟ್ಟುಕೊಳ್ಳಬೇಡ ಅಂತ. ನಾನು ಆಸೆ ಇಟ್ಟುಕೊಳ್ಳದೆ ಅಳೆದೆ. ಸರಿಯಿಲ್ಲ ಅಂತ ಅಳಿಸಿದೆ. ಮತ್ತೆ ಅಳೆದೆ. ಮೂರನೇ ಸಲವೂ ಅದೇ ಬಂತು.

"ಎಷ್ಟು?" ಅಂತ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ. ತಿಂಗಳುಗಳ ನಂತರ ಅವನು ನನ್ನಲ್ಲಿ ತಾನಾಗಿ ಕೇಳಿದ ಮೊದಲ ಮಾತು ಅದು.

"ಹದಿಮೂರು."

"ಇಳಿದದ್ದಾ ಅದು?"

"ಇಳಿದದ್ದು. ಪೂರ್ತಿ ಇಳಿಯಲಿಕ್ಕಿಲ್ಲ. ಐದಾರು ವರ್ಷ ಹಾಳು ಮಾಡಿದ್ದು ಒಂಬತ್ತು ತಿಂಗಳಲ್ಲಿ ಹೋಗ್ತದಾ? ಸ್ವಲ್ಪ ಒಳಗೇ ಉಳೀತದೆ. ಅದರಲ್ಲಿ ನಾನು ತಂದುಕೊಟ್ಟ ಸ್ಟ್ರಿಪ್ಪಿನ ಪಾಲೂ ಉಂಟು."

ಪರದೆಯ ಮೇಲೆ ಅವನ ಹೃದಯದ ಗೋಡೆ ಬಿಗಿಯಾಗಿ, ಸಡಿಲವಾಗಿ, ಮತ್ತೆ ಬಿಗಿಯಾಗಿ ಆಡುತ್ತಿತ್ತು. ಇದ್ದಕ್ಕಿದ್ದಂತೆ ಚಿತ್ರ ಕದಡಿಹೋಯಿತು. ಗೋಡೆಯೂ ಇಲ್ಲ, ಕೋಣೆಯೂ ಇಲ್ಲ, ಬರೀ ಬೂದು. ನನಗೆ ಎಲ್ಲಿತ್ತೋ ಕೋಪ.

"ಅಲ್ಲಾಡಬೇಡ ಮಾರಾಯ!" ಅಂತ ಗದರಿದೆ. "ಸುಮ್ಮನೆ ಮಲಗಲಿಕ್ಕೂ ಆಗುವುದಿಲ್ವಾ ನಿನಗೆ?"

"ನಾನು ಅಲ್ಲಾಡ್ತಾ ಇಲ್ಲ" ಅಂದ ಅಣ್ಣ. "ನಡುಗ್ತಾ ಇರುವುದು ನಿನ್ನ ಕೈ."